ಕಚ್ಚಾ ಹೊಲಿಗೆಯ ತೋಟ

ಈ ಕಥೆಯನ್ನು ನನಗೆ ಮೊದಲು ಹೇಳಿದವಳು ಕಾಜದ ಅಜ್ಜಿ. ದರ್ಜಿ ಅಂಗಡಿಗಳಿಗೆ ಅಂಗಿಯ ಗುಂಡಿ ತೂರುವ ಕಾಜ ಹೊಲಿದುಕೊಡುವುದು ಅವಳ ಕಸುಬಾದ್ದರಿಂದ ಬೀದಿಯವರು ಅವಳನ್ನು ಹಾಗೆ ಕರೆಯುತ್ತಿದ್ದರು. ಅದು ಬೇಸಿಗೆಯ ಒಂದು ಮಧ್ಯಾಹ್ನ. ನಲ್ಲಿಗಳೆಲ್ಲ ಒಣಗಿದ್ದವು, ನೀರಿನ ಟ್ಯಾಂಕರಿನ ದಾರಿ ಕಾಯುತ್ತ ಜನ ಕೊಡಗಳನ್ನು ಸಾಲಾಗಿ ನಿಲ್ಲಿಸಿ ಗೋಡೆಯ ನೆರಳಿನಲ್ಲಿ ಕುಳಿತಿದ್ದರು. ಅಜ್ಜಿ ಕೊಡ ಹೊರಲು ತಲೆಗಿಡುವ ತನ್ನ ಬಟ್ಟೆಯ ಸಿಂಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಯಾರೂ ಕೇಳದಿದ್ದರೂ ಹೇಳತೊಡಗಿದಳು. ಅನಂತರ ಇದೇ ಕಥೆಯನ್ನು ನಾನು ಒಬ್ಬ ಕ್ಷೌರಿಕನಿಂದಲೂ ಒಬ್ಬ ನಿವೃತ್ತ ಅಂಚೆಯವನಿಂದಲೂ ಕೇಳಿದ್ದೇನೆ. ಕ್ಷೌರಿಕನ ಪಾಠದಲ್ಲಿ ಒಂದು ಹೊಡೆದಾಟ ಸೇರಿಕೊಂಡಿದೆ. ಅಂಚೆಯವನ ಪಾಠದಲ್ಲಿ ಒಂದು ನೀತಿ ಸೇರಿಕೊಂಡಿದೆ. ಎರಡೂ ಪ್ರಕ್ಷಿಪ್ತವೆಂದು ನನ್ನ ನಂಬಿಕೆ. ಇಲ್ಲಿರುವುದು ಅಜ್ಜಿಯ ಪಾಠ.

ಒಬ್ಬ ದರ್ಜಿ ಇದ್ದ. ಬೀದಿಗೆ ತೆರೆದ ಮುಂಕೋಣೆಯೇ ಅವನ ಅಂಗಡಿ, ನಡುಕೋಣೆಯೇ ಸಂಸಾರ, ಹಿಂದೆ ಅಡುಗೆಮನೆ, ಒಂದಿಷ್ಟು ಹಿತ್ತಿಲು. ಕೈ ಒಳ್ಳೆಯದೇ. ಆದರೆ ಟ್ರಯಲ್ ನೋಡದೆ ಅವನು ಯಾವ ಕೆಲಸಕ್ಕೂ ಕತ್ತರಿ ಹಾಕುತ್ತಿರಲಿಲ್ಲ. ಅಗ್ಗದ ಬಟ್ಟೆಯಲ್ಲಿ ಮೊದಲು ಕತ್ತರಿಸುವುದು, ಉದ್ದುದ್ದ ಕಚ್ಚಾ ಹೊಲಿಗೆ ಹಾಕುವುದು, ಗಿರಾಕಿಯ ಮೈಮೇಲೆ ಇಳಿಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ತಲೆ ವಾಲಿಸಿ ನೋಡುವುದು, ಅಸಲಿ ಬಟ್ಟೆಯನ್ನು ಮುಟ್ಟುವುದು ಆಮೇಲೆ. ಈ ಅಭ್ಯಾಸ ಬಟ್ಟೆಗೆ ಮಾತ್ರ ಸೀಮಿತವಾಗಿದ್ದರೆ ಕಥೆ ಹುಟ್ಟುತ್ತಿರಲಿಲ್ಲ. ಹೊಸ ಛತ್ರಿ ತಂದರೆ ಮೊದಲು ಬಿಸಿಲಿನಲ್ಲಿ ಟ್ರಯಲ್, ಮಳೆಯಲ್ಲಿ ಬಳಕೆ. ಗೋಡೆಗೆ ನೀಲಿ ಬಳಿಸಬೇಕೆನಿಸಿದಾಗ ಒಂದು ನೀಲಿ ಹೊದಿಕೆಯನ್ನು ಗೋಡೆಗೆ ತೂಗುಹಾಕಿ ಕಣ್ಣಿಗೆ ಒಗ್ಗುತ್ತದೆಯೇ ಎಂದು ಪರೀಕ್ಷಿಸಿದ. ಹೊದಿಕೆ ಮಾಸಿ ಬೂದುಬಣ್ಣಕ್ಕೆ ತಿರುಗಿದರೂ ತೀರ್ಮಾನವಾಗಿರಲಿಲ್ಲ.

“ಟ್ರಯಲ್ ನೋಡ್ದೆ ನಾನು ಮಾಡ್ಕೊಂಡಿದ್ದು ಮದುವೆ ಒಂದೇ” ಎಂದು ಅವನು ಗಿರಾಕಿಗಳಿಗೆ ಹೇಳುತ್ತಿದ್ದ.

“ಅದಕ್ಕೇ ಇನ್ನೂ ಫಿಟ್ಟಿಂಗ್ ಮಾಡ್ತಾ ಇದೀನಿ” ಎಂದು ಒಳಗಿನಿಂದ ಹೆಂಡತಿಯ ದನಿ ಬರುತ್ತಿತ್ತು.

ಅವಳ ಅಕ್ಕನ ಗಂಡ, ಅಂದರೆ ದರ್ಜಿಯ ಷಡ್ಡಕ, ಬೀಜದ ಅಂಗಡಿಯವನು. ಮನೆಯ ಸುತ್ತ ತೋಟ ಮಾಡಿದ್ದ. ಯಾರೇ ಬಂದರೂ ಕುಡಿಯಲು ನೀರು ಕೊಡುವ ಮುಂಚೆ ತೋಟ ತೋರಿಸುತ್ತಿದ್ದ. ತೋಟ ಮುಗಿಯುವಷ್ಟರಲ್ಲಿ ಬಂದವರಿಗೆ ನೀರಿನ ಅಗತ್ಯ ನಿಜವಾಗಿಯೂ ಬಿದ್ದಿರುತ್ತಿತ್ತು. ಒಂದು ಭಾನುವಾರ ದರ್ಜಿ ದಂಪತಿಗೂ ಈ ಮೆರವಣಿಗೆ ಆಯಿತು. ಕೊನೆಯ ಗಿಡದ ಬಳಿ ನಿಂತು ಷಡ್ಡಕ ಕೈ ಒರೆಸಿಕೊಂಡ.

“ಏನಯ್ಯಾ, ನಿನ್ನ ಹಿತ್ತಿಲಲ್ಲಿ ಏನು ಬೆಳೆದಿದೀಯಾ?”

ದರ್ಜಿಯ ಹಿತ್ತಿಲಿನಲ್ಲಿ ಆಗ ಇದ್ದದ್ದು ಒಂದು ಒಗೆಯುವ ಕಲ್ಲು, ಬಟ್ಟೆ ಒಣಹಾಕುವ ಹಗ್ಗ ಮತ್ತು ಹಿಡಿ ಕಳಚಿದ ಇಸ್ತ್ರಿಪೆಟ್ಟಿಗೆ. ಅವನು ಗಂಟಲು ಸರಿಪಡಿಸಿಕೊಂಡ.

“ಪ್ಲಾನ್ ಎಲ್ಲಾ ಆಗಿದೆ ಅಣ್ಣಾ. ಕಟಿಂಗ್ ಒಂದು ಬಾಕಿ.”

“ಓಹೋ! ಗುಟ್ಟಾಗಿ ಇಟ್ಟಿದೀಯಾ! ಬೇಸಿಗೆ ಮುಗಿಯೋದ್ರೊಳಗೆ ಬಂದು ನೋಡೇಬಿಡ್ತೀನಿ ಬಿಡು.”

ಮನೆಯ ಬೀಗ ತೆಗೆಯುತ್ತ ಹೆಂಡತಿ ಅಂದಳು: “ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಯೋರು ನೀವು.”

“ಕುಲಾವಿ ಹೊಲಿಯೋದೇ ನನ್ನ ಕಸುಬು ಕಣೇ. ಅದರಲ್ಲಿ ತಪ್ಪೇನಿದೆ?”

ಮರುದಿನ ಅವನು ಹಿತ್ತಿಲಿನ ಅಳತೆ ತೆಗೆದುಕೊಂಡ. ಗಿರಾಕಿಗೆ ಹೇಗೆಯೋ ನೆಲಕ್ಕೂ ಹಾಗೆಯೇ. ಮೊದಲು ಭುಜ, ಆಮೇಲೆ ಎದೆ, ಸೊಂಟ, ಉದ್ದ. ನೆಲ ಉಸಿರು ಬಿಗಿಹಿಡಿದಿದ್ದರೆ ಆಮೇಲೆ ಬಿಗಿಯಾದೀತೆಂಬ ಭಯದಿಂದ ಸೊಂಟವನ್ನು ಮತ್ತೊಮ್ಮೆ ಅಳೆದನೆಂದು ಅಜ್ಜಿ ಹೇಳುತ್ತಾಳೆ. ಒಗೆಯುವ ಕಲ್ಲಿನ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದ. ಆಮೇಲೆ ಮಷೀನಿನ ಕೆಳಗಿನ ಚಿಂದಿ ಮೂಟೆಯನ್ನು ಬಿಚ್ಚಿದ.

ಅವನ ವಾದ ಸರಳವಾಗಿತ್ತು. ಗಿಡ ಒಂದು ಸಲ ನೆಟ್ಟರೆ ಬಿಚ್ಚಿ ಹೊಲಿಯಲು ಬರುವುದಿಲ್ಲ. ಆದ್ದರಿಂದ ಇಡೀ ತೋಟವನ್ನು ಮೊದಲು ತುಂಡುಬಟ್ಟೆಯಲ್ಲಿ ಹೊಲಿದು, ನೆಲದ ಮೇಲೆ ಹಾಸಿ, ಎಲ್ಲಿ ಸಡಿಲ ಎಲ್ಲಿ ಬಿಗಿ ಎಂದು ನೋಡಬೇಕು. ಶಾಲಾ ಸಮವಸ್ತ್ರದಲ್ಲಿ ಉಳಿದ ತೆಳು ಹಸಿರು ಬಟ್ಟೆ ಹುಲ್ಲುಹಾಸಾಯಿತು. ಖಾಕಿ ತುಂಡುಗಳು ಕಾಲುದಾರಿಯಾದವು. ಮಿರುಗುವ ನೀಲಿ ಸ್ಯಾಟಿನ್ ಒಂದು ಪುಟ್ಟ ಕೊಳವಾಯಿತು. ಕೆಂಪು ಲೈನಿಂಗ್ ಬಟ್ಟೆಯನ್ನು ನೆರಿಗೆ ಹಿಡಿದು ಹೂವು ಮಾಡಿ ಅಂಚಿನುದ್ದಕ್ಕೂ ಕಚ್ಚಾ ಹೊಲಿಗೆ ಹಾಕಿದ. ಮರಗಳಿಗಾಗಿ ನೆಟ್ಟ ಕೋಲುಗಳಿಗೆ ಹಸಿರು ಅಂಗಿಯ ತೋಳುಗಳನ್ನು ತೊಡಿಸಿದ. ಒಂದೆರಡು ಮರಗಳಿಗೆ ಮುಂಗೈ ಪಟ್ಟಿ ಗುಂಡಿ ಸಹಿತ ಹಾಗೇ ಉಳಿದಿತ್ತು.

“ಎರಡು ಗಿಡ ನೆಟ್ಟಿದ್ರೆ ಇಷ್ಟರೊಳಗೆ ಚಿಗುರ್ತಿತ್ತು” ಎಂದಳು ಹೆಂಡತಿ.

“ಟ್ರಯಲ್ ಒಪ್ಪಿಗೆ ಆಗ್ಲಿ. ಆಮೇಲೆ ಅಸಲಿ. ಮತ್ತೆ ನೋಡು, ಇನ್ಮೇಲೆ ಪಾತ್ರೆ ತೊಳೆದ ನೀರು ಇಲ್ಲಿ ಚೆಲ್ಬೇಡ. ಕಲರ್ ಬಿಡುತ್ತೆ.”

“ಮತ್ತೆ ತಲೆ ಮೇಲೆ ಚೆಲ್ಕೊಳ್ಳಾ?”

ಅವಳು ಚೆಲ್ಲುವುದನ್ನು ಬಿಡಲಿಲ್ಲ. ಅಡುಗೆಮನೆಯ ಬಾಗಿಲಿನ ಪಕ್ಕದ ಮೂಲೆಯಲ್ಲಿ, ತರಕಾರಿ ಸಿಪ್ಪೆ ಬೀಜಗಳನ್ನು ಎಸೆಯುತ್ತಿದ್ದ ಜಾಗದಲ್ಲಿ, ಬೆಳಿಗ್ಗೆ ಸಂಜೆ ಹುಲ್ಲುಹಾಸಿನ ಅಂಚನ್ನು ಸೆರಗೆತ್ತಿದಂತೆ ಎತ್ತಿ ಕೆಳಗೆ ನೀರು ಸುರಿದು ಮತ್ತೆ ಮುಚ್ಚುತ್ತಿದ್ದಳು. ಗಂಡ ನೋಡುತ್ತಿರಲಿಲ್ಲ. ಅವನು ಎರಡು ಹೆಜ್ಜೆ ಹಿಂದೆ ಸರಿದು ತಲೆ ವಾಲಿಸುವುದರಲ್ಲಿ ಮುಳುಗಿದ್ದ.

ಪಕ್ಕದ ಮನೆಯ ಮಹಡಿಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರಿದ್ದರು. ಕನ್ನಡಕ ಬಂದಿತ್ತು, ಅದನ್ನು ಹಾಕಿಕೊಂಡರೆ ವಯಸ್ಸಾಯಿತೆಂದು ಒಪ್ಪಿಕೊಂಡಂತೆ ಎಂದು ಜೇಬಿನಲ್ಲೇ ಇಟ್ಟುಕೊಳ್ಳುತ್ತಿದ್ದರು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ಮಹಡಿಯ ಅಂಚಿಗೆ ಬಂದವರು ಬಗ್ಗಿ ನೋಡಿ, ಬಾಯಲ್ಲಿದ್ದುದನ್ನು ಅಲ್ಲೇ ನುಂಗಿಬಿಟ್ಟರು. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಹುಟ್ಟಿದ್ದು ಬೆಟ್ಟದಲ್ಲಲ್ಲ, ಇಂಥ ಮಹಡಿಗಳಲ್ಲಿರಬೇಕು.

“ಏನಪ್ಪಾ ದರ್ಜಿ! ಭೇಷ್! ಯಾವಾಗಪ್ಪಾ ಮಾಡಿದ್ದು ಇದನ್ನ?”

ದರ್ಜಿ ನಿಜವನ್ನೇ ಹೇಳಿದ. ಇದನ್ನು ಅಜ್ಜಿ ಒತ್ತಿ ಹೇಳುತ್ತಾಳೆ. “ಏನಿಲ್ಲ ಮೇಷ್ಟ್ರೇ, ಸುಮ್ನೆ ಟ್ರಯಲ್‌ಗೆ ಅಂತ ಹಾಸಿದೀನಿ. ಅಸಲಿ ಇನ್ನೂ ಮಾಡಿಲ್ಲ.”

“ಟ್ರಯಲ್ಲೇ ಹೀಗಿದ್ರೆ ಅಸಲಿ ಇನ್ನು ಹೇಗಪ್ಪಾ! ನೋಡು, ನಿಜವಾದ ಕಲೆಗಾರನ ಲಕ್ಷಣ ಇದೇ. ನನ್ನ ಸರ್ವಿಸಲ್ಲೇ ಇಂಥ ವಿನಯ ನೋಡಿಲ್ಲ.”

ನಿಜ ಹೇಳಿದವನನ್ನು ಜನ ವಿನಯವಂತನೆಂದು ಹೊಗಳಿದರೆ, ಅವನು ಎರಡನೆಯ ಸಲ ನಿಜ ಹೇಳುವುದು ಕಷ್ಟ. ದರ್ಜಿ ಟೇಪನ್ನು ಕುತ್ತಿಗೆಗೆ ಸುತ್ತಿಕೊಂಡು ಸುಮ್ಮನೆ ನಕ್ಕ.

ಸಂಜೆಗೆ ಮೇಷ್ಟ್ರ ಮಹಡಿ ತುಂಬಿತು. ಬೀದಿಯ ಗಿಡಗಳೆಲ್ಲ ಬೇಸಿಗೆಗೆ ಕಡ್ಡಿಯಾಗಿದ್ದಾಗ ಕೆಳಗೆ ಹಸಿರು ಅಲೆಯಲೆಯಾಗಿ ಗಾಳಿಗೆ ತೂಗುತ್ತಿತ್ತು. ಹುಲ್ಲು ಇಷ್ಟು ಸಮನಾಗಿ ಹೇಗೆ ಬಂತೆಂದು ಒಬ್ಬರು ಕೇಳಿದರು. “ಅಳತೆ ಸರಿಯಾಗಿದ್ರೆ ಎಲ್ಲಾ ಸಮನಾಗೇ ಬರುತ್ತೆ” ಎಂದ ದರ್ಜಿ. ಇದು ಸುಳ್ಳಲ್ಲ. ಒಂದು ಹೂವು ಕೊಡು ಎಂದು ಮೇಷ್ಟ್ರ ಹೆಂಡತಿ ಕೈಚಾಚಿದರು. “ಈ ಜಾತಿ ಕೀಳ್ಬಾರ್ದು ಅಮ್ಮಾ, ಒಂದು ಕಿತ್ರೆ ಸಾಲು ಪೂರ್ತಿ ಬಿಚ್ಕೊಳ್ಳುತ್ತೆ” ಎಂದ. ಇದೂ ಸುಳ್ಳಲ್ಲ. ಆ ಬೇಸಿಗೆ ಪೂರ್ತಿ ದರ್ಜಿ ಒಂದೇ ಒಂದು ಸುಳ್ಳನ್ನೂ ಆಡಲಿಲ್ಲ. ಹಾಗಿದ್ದೂ ಅವನ ಹಿತ್ತಿಲಿನಷ್ಟು ದೊಡ್ಡ ಸುಳ್ಳು ಆ ಬೀದಿಯಲ್ಲಿ ಇನ್ನೊಂದಿರಲಿಲ್ಲ.

ಅವನಿಗಿದ್ದ ಚಿಂತೆ ಬೇರೆ. ಅಡುಗೆಮನೆಯ ಕಡೆಯ ಮೂಲೆಯಲ್ಲಿ ಹುಲ್ಲುಹಾಸು ಉಬ್ಬತೊಡಗಿತ್ತು. ಅನುಭವವುಳ್ಳ ದರ್ಜಿ ಉಬ್ಬು ಕಂಡರೆ ನೆಲವನ್ನು ಅಗೆದು ನೋಡುವುದಿಲ್ಲ. ಅವನು ತನ್ನ ಕಟಿಂಗನ್ನು ಅನುಮಾನಿಸುತ್ತಾನೆ. ಎರಡು ಬದಿಯಿಂದ ಚಿವುಟಿ ಹಿಡಿದು, ರವಿಕೆಯನ್ನು ಮೈಗೆ ಕೂರಿಸಲು ಹಿಡಿಯುವಂಥ ಮಡಿಕೆ, ಡಾಟ್, ಹಾಕಿ ಹೊಲಿದ. ಉಬ್ಬು ಅಡಗಿತು. ಕೆಲವು ದಿನಗಳಲ್ಲಿ ಅದರ ಪಕ್ಕ ಎದ್ದಿತು. ಅಲ್ಲೂ ಡಾಟ್. ಆಮೇಲೆ ಡಾಟಿನ ಎರಡೂ ಕಡೆ ಒಟ್ಟಿಗೆ ಉಬ್ಬಿತು.

“ನೋಡೇ, ಈ ನೆಲಕ್ಕೆ ಹೊಟ್ಟೆ ಬರ್ತಾ ಇದೆ.”

“ನಿಮಗೆ ಬಂದಿಲ್ವಾ? ಅದಕ್ಕೂ ವಯಸ್ಸಾಯ್ತು” ಎಂದಳು ಹೆಂಡತಿ, ಪಾತ್ರೆ ಉಜ್ಜುತ್ತ.

ಕೊನೆಗೆ ಅವನು ದಪ್ಪಗಾದ ಗಿರಾಕಿಗೆ ಮಾಡುವಂತೆ ಅಂಚಿನ ಹೊಲಿಗೆ ಬಿಚ್ಚಿ ಸ್ವಲ್ಪ ಸಡಿಲ ಕೊಟ್ಟ. ಡಾಟನ್ನು ಮಾತ್ರ ಬಿಚ್ಚಲಿಲ್ಲ. ಡಾಟು ಮಟ್ಟಸವಾಗಿ ಬಿದ್ದಿತ್ತು. ಅದನ್ನು ಬಿಚ್ಚಲು ಕೈ ಬರಲಿಲ್ಲ.

ಅಷ್ಟರಲ್ಲಿ ನೀರಿನ ಕಚೇರಿಯವರು ಬೀದಿಬೀದಿಯಲ್ಲಿ ಡಂಗುರ ಸಾರಿಸಿದರು. ಕೆರೆ ತಳ ಕಂಡಿದೆ. ನಲ್ಲಿ ನೀರನ್ನು ತೋಟಕ್ಕೆ ಬಿಟ್ಟವರ ನಲ್ಲಿಗೆ ಮಳೆ ಬರುವವರೆಗೆ ಸೀಲು ಹಾಕಲಾಗುವುದು. ಬೀದಿಯವರೆಲ್ಲ ಇದನ್ನು ಕೇಳಿದರು. ಕೇಳಿದವರೆಲ್ಲ ಒಮ್ಮೆ ಮೇಷ್ಟ್ರ ಮಹಡಿಯ ಕಡೆ ನೋಡಿದರು. ಯಾರು ದೂರು ಕೊಟ್ಟರೆಂಬುದರಲ್ಲಿ ಪಾಠಭೇದವಿದೆ. ನೇರವಾಗಿ ಯಾರೂ ಕೊಡಲಿಲ್ಲ, ಎಲ್ಲರೂ ಹೊಗಳಿದರು ಅಷ್ಟೆ ಎಂಬುದು ಅಜ್ಜಿಯ ಮತ. ಹೊಗಳಿಕೆ ಒಂದು ಕಿವಿಯಿಂದ ಇನ್ನೊಂದಕ್ಕೆ ದಾಟುತ್ತ ನೀರಿನ ಕಚೇರಿಗೆ ತಲುಪುವಾಗ ದೂರಿನ ರೂಪ ತಾಳಿತ್ತು.

ನೀರಿನ ಸಾಹೇಬರು ಬಂದ ದಿನವೇ ಷಡ್ಡಕನೂ ಬಂದ. ಸಾಹೇಬರು ಮೊದಲು ಮೇಷ್ಟ್ರ ಮಹಡಿ ಹತ್ತಿ, ಕೆಳಗೆ ಬಗ್ಗಿ ನೋಡಿ, ಟೋಪಿ ತೆಗೆದು ಬೆವರು ಒರೆಸಿಕೊಂಡು, ಇಳಿದು ದರ್ಜಿಯ ಮುಂಕೋಣೆಗೆ ಬಂದರು. ಅವರ ಒಂದು ಕೈಯಲ್ಲಿ ಇಕ್ಕಳ, ಇನ್ನೊಂದರಲ್ಲಿ ಸೀಲು ಹಾಕುವ ತಂತಿಯ ಸುರುಳಿ. ಷಡ್ಡಕ ಆಗಲೇ ಗಿರಾಕಿಗಳ ಬೆಂಚಿನ ಮೇಲೆ ಕುಳಿತು, “ಎಲ್ಲಯ್ಯಾ ತೋಟ?” ಎಂದು ಕೇಳುತ್ತಿದ್ದ.

“ಇಡೀ ಬೀದಿ ಒಣಗಿ ಬೆಂಡಾಗಿದೆ” ಎಂದರು ಸಾಹೇಬರು. “ನಿಮ್ಮ ಹಿತ್ತಿಲು ಮಾತ್ರ ಹಸಿರಾಗಿ ಹೊಳೀತಾ ಇದೆ. ಕೊಳ ಬೇರೆ! ನೀರು ಕದಿಯೋರು ಮರೆಯಲ್ಲಿ ಕದೀತಾರೆ ಅಂದ್ಕೊಂಡಿದ್ದೆ.”

ದರ್ಜಿಯ ಕೈ ತಾನಾಗಿ ಹೆಗಲಿಗೆ ಹೋಯಿತು. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನು ಇಲ್ಲಿ ನಾನು ನೆನಪಿಸಿದಾಗ ಅಜ್ಜಿ ಸಿಡುಕಿದಳು: “ಸುಮ್ನಿರಪ್ಪಾ. ಕುಂಬಳಕಾಯಿ ಇನ್ನೂ ಕಥೆಗೆ ಬಂದಿಲ್ಲ.”

“ಸಾರ್, ಆ ತೋಟಕ್ಕೆ ನಾನು ಒಂದು ಹನಿ ನೀರೂ ಹಾಕಲ್ಲ” ಎಂದ ದರ್ಜಿ.

ಬೆಂಚಿನ ಮೇಲಿದ್ದ ಷಡ್ಡಕ ಎದ್ದು ನಿಂತ. “ನೀರಿಲ್ದೆ ಹುಲ್ಲುಹಾಸು? ಏನಯ್ಯಾ ಹೇಳ್ತಿದೀಯಾ? ನಾನು ಬೀಜದ ವ್ಯಾಪಾರದಲ್ಲೇ ಮುದುಕ ಆಗಿದೀನಿ.”

“ಹಾಕಿದ್ರೆ ಹಾಳಾಗುತ್ತೆ ಅಣ್ಣಾ.”

“ಗೊಬ್ಬರ?”

“ಹಾಕಲ್ಲ.”

“ಹುಳ ಬೀಳಲ್ವಾ?”

“ಬೀಳುತ್ತೆ. ಅದಕ್ಕೆ ನುಸಿಗುಳಿಗೆ ಇಟ್ಟಿದೀನಿ.”

ಷಡ್ಡಕ ಮತ್ತೆ ಕುಳಿತುಬಿಟ್ಟ. ಸಾಹೇಬರ ಇಕ್ಕಳ ತುಸು ಕೆಳಗಿಳಿಯಿತು. ನೀರು ಬೇಡದ ತೋಟವೊಂದು ಸಿಕ್ಕಿದರೆ ನೀರಿನ ಕಚೇರಿಗೇ ಅರ್ಧ ಕೆಲಸ ಕಡಿಮೆಯಾಗುತ್ತದೆ. “ಹಾಗಿದ್ರೆ ತೋರಿಸಿ, ಹತ್ತಿರದಿಂದ ನೋಡೋಣ” ಎಂದರು.

ದರ್ಜಿ ನಡುಕೋಣೆಯ ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದ. ಅವನ ಪರಿಸ್ಥಿತಿಯನ್ನು ಸ್ಪಷ್ಟಪಡಿಸುವುದು ಸಂಗ್ರಾಹಕನ ಕರ್ತವ್ಯ. ಒಳಗೆ ಬಿಟ್ಟರೆ ಷಡ್ಡಕನ ಎದುರು, ಬೀದಿಯ ಎದುರು ಮಾನ ಹೋಗುತ್ತದೆ. ಬಿಡದಿದ್ದರೆ ನಲ್ಲಿ ಹೋಗುತ್ತದೆ. ಮಾನ ತನ್ನದು, ನಲ್ಲಿ ಹೆಂಡತಿಯದು.

“ಈಗ ಬೇಡ ಸಾರ್. ಬಿಸಿಲು. ತೋಟ... ತೋಟ ಮಲಗಿದೆ.”

“ತೋಟಕ್ಕೆ ಮಧ್ಯಾಹ್ನದ ನಿದ್ದೆ ಬೇರೆ ಅಭ್ಯಾಸ ಮಾಡಿಸಿದೀಯಾ?” ಎಂದ ಷಡ್ಡಕ.

“ನೋಡಿ, ಬಾಗಿಲು ಬಿಡಿ, ಇಲ್ಲಾ ನಲ್ಲಿ ತೋರಿಸಿ” ಎಂದರು ಸಾಹೇಬರು. ತಂತಿಯ ಸುರುಳಿ ಬಿಚ್ಚಿಕೊಂಡಿತು.

ದರ್ಜಿ ಬಾಗಿಲು ಬಿಡಲಿಲ್ಲ. ಅವನ ಬಾಯಿಂದ ಹೊರಟ ಮಾತು ಕ್ಷೌರಿಕನ ಪಾಠದಲ್ಲೂ ಅಂಚೆಯವನ ಪಾಠದಲ್ಲೂ ಅಕ್ಷರಶಃ ಒಂದೇ: “ನಲ್ಲಿ ಆ ಕಡೆ ಇದೆ ಸಾರ್.”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

ಹೆಂಡತಿ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದಳು. ಗಂಡನನ್ನು ನೋಡಿದಳು, ತಂತಿಯನ್ನು ನೋಡಿದಳು. “ಸಾರ್, ಬನ್ನಿ. ಭಾವಾ, ನೀವೂ ಬನ್ನಿ. ರೀ, ಕೈ ತೆಗೀರಿ, ನೋಯುತ್ತೆ” ಎಂದು ಗಂಡನ ತೋಳು ಸರಿಸಿ, ಅವರನ್ನು ಒಳಗೆ ಕರೆದೊಯ್ದು ಹಿತ್ತಿಲ ಬಾಗಿಲು ತೆರೆದಳು.

ಹಸಿರು ಹುಲ್ಲುಹಾಸು ಬಿಸಿಲಿಗೆ ಮಿನುಗುತ್ತಿತ್ತು. ಮೇಲೆ ಮಹಡಿಯ ತುಂಬ ಜನ. ಅವಳು ಮರಗಳ ತೋಳುಗಳನ್ನು ಒಂದೊಂದಾಗಿ ಎಳೆದು ಹೆಗಲಿಗೆ ಹಾಕಿಕೊಂಡಳು. ಬಟ್ಟೆ ಹಾರದಂತೆ ಮೂಲೆಗಳಿಗೆ ಹೇರಿದ್ದ ಕಲ್ಲುಗಳನ್ನು ಕಾಲಿನಿಂದ ಸರಿಸಿದಳು. ಬಗ್ಗಿ ಹುಲ್ಲುಹಾಸಿನ ಎರಡು ತುದಿ ಹಿಡಿದು, ಒಣಗಿದ ಹೊದಿಕೆಯನ್ನು ಹಗ್ಗದಿಂದ ತೆಗೆಯುವವಳಂತೆ ಒಮ್ಮೆ ಜೋರಾಗಿ ಕೊಡವಿದಳು. ಧೂಳೆದ್ದಿತು. ಕೊಳ ಗಾಳಿಯಲ್ಲಿ ಹಾರಿ ಕಾಲುದಾರಿಯ ಮೇಲೆ ಬಿದ್ದಿತು. ಅವಳು ತುದಿಗೆ ತುದಿ ಸೇರಿಸಿದಳು, ಮಡಚಿದಳು, ಗದ್ದದಿಂದ ಅದುಮಿ ಮತ್ತೆ ಮಡಚಿದಳು. ತೋಟ ಅವಳ ಮೊಳಕೈಯ ಮೇಲೆ ಚೌಕವಾಗಿ ಕುಳಿತಿತು.

“ತಗೊಳ್ಳಿ ಸಾರ್, ತೋಟ. ಇಸ್ತ್ರಿ ಮಾಡಿ ಕೊಡ್ಲಾ?”

“ಅಯ್ಯಯ್ಯೋ!” ಎಂದು ಮಹಡಿಯಿಂದ ಮೇಷ್ಟ್ರ ದನಿ ಕೇಳಿತು. “ಹುಲ್ಲುಹಾಸನ್ನ ಮಡಚಿಬಿಟ್ಟಳಲ್ಲಪ್ಪಾ!”

“ಕನ್ನಡಕ ಹಾಕ್ಕೊಳ್ರೀ” ಎಂದರು ಅವರ ಹೆಂಡತಿ. ಅಂದು ಮೊದಲ ಬಾರಿಗೆ ಅವರು ಹಾಕಿಕೊಂಡರೆಂದು ತಿಳಿದುಬರುತ್ತದೆ.

ನಗು ಇನ್ನೇನು ಎದ್ದೇಬಿಡುತ್ತದೆ ಎನ್ನುವಾಗ ಷಡ್ಡಕ ಅಡುಗೆಮನೆಯ ಮೂಲೆಗೆ ಬೆರಳು ತೋರಿಸಿದ. ಬಟ್ಟೆ ಎದ್ದ ಜಾಗದಲ್ಲಿ ನೆಲ ಬರಿದಾಗಿರಲಿಲ್ಲ. ಒಂದು ಕುಂಬಳದ ಬಳ್ಳಿ, ಬಿಸಿಲು ಕಾಣದ ಹುಡುಗಿಯಂತೆ ಬಿಳಿಚಿಕೊಂಡು, ಸುತ್ತಿ ಸುರುಳಿಯಾಗಿ ಹಬ್ಬಿತ್ತು. ಅದರ ನಡುವೆ ಒಂದು ಕಾಯಿ. ಕಾಯಿಗೆ ಸೊಂಟವಿತ್ತು. ಮೇಲೆ ಕೆಳಗೆ ದುಂಡಗೆ, ನಡುವೆ ಸರಿಯಾಗಿ ಡಾಟ್ ಬಿದ್ದಲ್ಲಿ ಸಣ್ಣಗೆ. ಹೊಲಿಗೆಯ ಗುರುತು ಕೂಡ ಸಿಪ್ಪೆಯ ಮೇಲೆ ಅಂದವಾಗಿ ಮೂಡಿತ್ತು.

ಬಟ್ಟೆಯ ಕೆಳಗೆ ಕಾಯಿ ಕಟ್ಟುವುದುಂಟೇ ಎಂದು ನಾನು ಅಜ್ಜಿಯನ್ನು ಕೇಳಿದೆ. “ಬಟ್ಟೆ ತೆಳು ಇತ್ತು, ಅಂಚು ದಿನಾ ಎತ್ತುತ್ತಿದ್ಳು, ದುಂಬಿಗೆ ಅಷ್ಟು ಸಾಕು” ಎಂದಳು. ದಾಖಲಿಸಿದ್ದೇನೆ.

ಸಾಹೇಬರಿಗೆ ಕೆಲಸ ನೆನಪಾಯಿತು. “ಹಾಗಿದ್ರೆ ಇದಕ್ಕೆ ನೀರು ಹಾಕಿದೀರಿ!”

“ಹಾಕಿದೀನಿ. ಪಾತ್ರೆ ತೊಳೆದ ನೀರು. ಅದಕ್ಕೂ ಸೀಲ್ ಹಾಕ್ತೀರಾ? ಹಾಕಿ. ನಾಳೆಯಿಂದ ಎಂಜಲು ಪಾತ್ರೆ ನಿಮ್ಮ ಆಫೀಸಿಗೇ ಕಳಿಸ್ತೀನಿ.”

ಸಾಹೇಬರು ಆಲೋಚಿಸಿದರು. ಅಪ್ಪಣೆಯಲ್ಲಿ ನಲ್ಲಿ ನೀರೆಂದು ಇತ್ತೇ ಹೊರತು ಎಂಜಲು ನೀರೆಂದು ಇರಲಿಲ್ಲ. ತಂತಿ ಮತ್ತೆ ಸುರುಳಿಯಾಯಿತು. ಇಕ್ಕಳ ಜೇಬಿಗೆ ಹೋಯಿತು.

ದರ್ಜಿ ಒಗೆಯುವ ಕಲ್ಲಿನ ಮೇಲೆ ಕುಳಿತು ತಲೆ ತಗ್ಗಿಸಿದ್ದ. ಷಡ್ಡಕ ಹತ್ತಿರ ಬಂದ. ಈಗ ಬರುವ ಮಾತನ್ನು ಎದುರಿಸಲು ದರ್ಜಿ ಕಣ್ಣು ಮುಚ್ಚಿಕೊಂಡ.

“ಏನಯ್ಯಾ,” ಷಡ್ಡಕನ ದನಿ ತಗ್ಗಿತ್ತು, “ಈ ಸೊಂಟದ ಕುಂಬಳದ ಬೀಜ ಎಲ್ಲಿ ಸಿಗುತ್ತೆ? ನನ್ನ ಅಂಗಡೀಲಿ ಇಂಥ ತಳಿ ಇಲ್ಲ.”

“ಅದು ತಳಿ ಅಲ್ಲ ಭಾವಾ, ಡಾಟು” ಎಂದಳು ಹೆಂಡತಿ. “ನಿಮ್ಮ ಮನೆ ಕಾಯಿಗೂ ಬೇಕಿದ್ರೆ ಅಳತೆ ಕೊಡಿ, ಇವರೇ ಹೊಲಿದು ಕೊಡ್ತಾರೆ.” ಗಂಡನ ಕಡೆ ತಿರುಗಿ ಸಣ್ಣಗೆ ಸೇರಿಸಿದಳು: “ಏಳ್ರೀ. ಕೈ ಚೆನ್ನಾಗಿದೆ ನಿಮ್ದು. ಯಾವುದಕ್ಕೆ ಹಾಕ್ಬೇಕು ಅನ್ನೋದೇ ಗೊತ್ತಾಗಲ್ಲ ಅಷ್ಟೆ.”

ದರ್ಜಿ ಎದ್ದ. ಬಾಗಿಲವರೆಗೆ ಹೋಗಿದ್ದ ಸಾಹೇಬರು ಏನೋ ಮರೆತವರಂತೆ ಹಿಂತಿರುಗಿ ಬಂದು ಅವನ ಕಿವಿಯಲ್ಲಿ ಹೇಳಿದರು: “ನಮ್ಮ ಆಫೀಸ್ ಮುಂದೆ ಒಂದು ಚೂರು ಜಾಗ ಇದೆ. ಎಲ್ಲಾ ಒಣಗಿಹೋಗಿದೆ. ದೊಡ್ಡ ಸಾಹೇಬ್ರು ಬರ್ತಾರೆ, ಮಹಡಿ ಮೇಲಿಂದ ನೋಡೋರು. ಒಂದು ಹೊಲಿದು ಕೊಡ್ತೀರಾ?”

ದರ್ಜಿ ಕುತ್ತಿಗೆಯ ಟೇಪನ್ನು ಎಳೆದು, ಎರಡು ಹೆಜ್ಜೆ ಹಿಂದೆ ಸರಿದು, ತಲೆ ವಾಲಿಸಿದ.

“ಹೊಲಿಯೋಣ ಸಾರ್. ಟ್ರಯಲ್‌ಗೆ ಯಾವತ್ತು ಬರ್ತೀರಿ?”

ಇಲ್ಲಿಗೆ ಅಜ್ಜಿ ನಿಲ್ಲಿಸಿದಳು. ಬೀದಿಯ ತಿರುವಿನಲ್ಲಿ ಟ್ಯಾಂಕರಿನ ಹಾರನ್ ಕೇಳಿಸಿತ್ತು. ಗೋಡೆಗೆ ಒರಗಿದ್ದವರೆಲ್ಲ ಬಟ್ಟೆ ಕೊಡವಿಕೊಂಡು ಎದ್ದರು. ಕೊಡಗಳು ಒಂದಕ್ಕೊಂದು ತಾಗಿ ಸದ್ದಾಯಿತು.

“ಅಜ್ಜೀ, ಆ ಮಡಚಿದ ತೋಟ ಏನಾಯ್ತು?” ಎಂದು ಸಾಲಿನಲ್ಲಿ ಅವಳ ಹಿಂದಿದ್ದ ಹೆಂಗಸೊಬ್ಬಳು ಕೇಳಿದಳು.

“ಬಟ್ಟೆ ಅಲ್ವಾ, ಎಲ್ಲಿಗೆ ಹೋಗುತ್ತೆ? ಸವೆಯೋ ತನಕ ಕೆಲಸಕ್ಕೆ ಬರುತ್ತೆ.”

ತನ್ನ ಸರದಿ ಬಂದಾಗ ಅಜ್ಜಿ ಕೊಡ ತುಂಬಿಸಿಕೊಂಡು, ಇಷ್ಟು ಹೊತ್ತು ತೊಡೆಯ ಮೇಲಿದ್ದ ಸಿಂಬಿಯನ್ನು ತಲೆಯ ಮೇಲಿಟ್ಟುಕೊಂಡಳು. ಮಾಸಿದ ಹಸಿರು ಬಟ್ಟೆ. ಸುರುಳಿಯ ನಡುವೆ ಖಾಕಿಯ ಒಂದು ಅಂಚು, ಮಿರುಗು ಕಳೆದ ನೀಲಿಯ ಒಂದು ಚೂರು, ಉದ್ದುದ್ದ ಕಚ್ಚಾ ಹೊಲಿಗೆ. ಕೇಳಿದವಳು ಬಾಯಿ ತೆರೆದಳು.

“ಅಜ್ಜೀ, ಹಾಗಾದ್ರೆ ಆ ಹೆಂಡ್ತಿ ನೀನೇ...”

“ಕೊಡ ಮುಂದೆ ತಳ್ಳೇ, ಸಾಲು ತಪ್ಪುತ್ತೆ” ಎಂದಳು ಅಜ್ಜಿ.

ಕೊಡವನ್ನು ತೋಟದ ಮೇಲಿಟ್ಟುಕೊಂಡು, ಒಂದು ಹನಿಯೂ ಚೆಲ್ಲದಂತೆ ಅವಳು ಮನೆಗೆ ನಡೆದಳು. ಉಳಿದವರೂ ಒಬ್ಬೊಬ್ಬರಾಗಿ ತಂತಮ್ಮ ಮನೆಗೆ ಹೋದರು.